ಕುದುರೆಯಿಲ್ಲದ ಮನೆಯ ಹುರುಳಿ

"ಬುದ್ಧಿ, ನಿನ್ನೆವರೆಗೂ ಕಾರಿನಲ್ಲಿ ಓಡಾಡಿದವನು, ಅದು ಕೈಬಿಟ್ಟು ಹೋದ ಮೇಲೆ ಹೇಗೆ ಓಡಾಡಬೇಕು?" ಎಂದು ರೇಚಣ್ಣ ಕೇಳಿದ.

ರೇಚಣ್ಣನ ಮನೆಯವರೆಲ್ಲ ನಡೆದುಕೊಳ್ಳುತ್ತಿದ್ದ ಮಠ ಅದು. ಸ್ವಾಮಿಗಳು ಜಗಲಿಯಲ್ಲಿ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಯಾರಪ್ಪ ಅವನು?"

"ನಮ್ಮ ಸ್ನೇಹಿತರೊಬ್ಬರು, ಬುದ್ಧಿ. ಕಂಪನಿಯವರು ಕೆಲಸದಿಂದ ತೆಗೆದ್ರು. ಕಾರು ಕಂಪನಿದು. ಅದನ್ನೂ ವಾಪಸ್ ತಗೊಂಡ್ರು."

ಆ ಸ್ನೇಹಿತ ಬೇರೆ ಯಾರೂ ಅಲ್ಲ, ರೇಚಣ್ಣನೇ. ನೀರೆತ್ತುವ ಪಂಪು ಮಾರುವ ಕಂಪನಿಯೊಂದರಲ್ಲಿ ಅವನು ಜಿಲ್ಲೆಗೆ ಮ್ಯಾನೇಜರಾಗಿದ್ದ. ಓಡಾಟಕ್ಕೆಂದು ಕಂಪನಿ ಒಂದು ಬಿಳಿ ಕಾರು ಕೊಟ್ಟಿತ್ತು. ವ್ಯಾಪಾರ ಇಳಿಯಿತು, ಕಂಪನಿ ಜನರನ್ನು ಕಡಿಮೆ ಮಾಡಿತು. ಒಂದು ಮಧ್ಯಾಹ್ನ ಅವನನ್ನು ಒಳಗೆ ಕರೆದು, ಒಳ್ಳೆಯ ಮಾತಾಡಿ, ಕೈ ಕುಲುಕಿ, ಕಾರಿನ ಕೀ ಇಸಿದುಕೊಂಡರು. ಕೀ ಕೊಡುವ ಮುಂಚೆ ರೇಚಣ್ಣ ಅದರ ಚೈನನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಚೈನು ಅವನ ಸ್ವಂತದ್ದು.

ಅಂದಿನಿಂದ ಓಡಾಡುವುದೆಂದರೆ ಅವನಿಗೆ ಕದ್ದು ತಿರುಗಿದ ಹಾಗೆ. ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಮನೆಯ ಹತ್ತಿರದ ಬಸ್ ಸ್ಟಾಪ್ ಬಿಟ್ಟು ಆಚೆಯದಕ್ಕೆ ನಡೆಯುತ್ತಿದ್ದ. ಅಲ್ಲಿಯೂ ಬಸ್ಸಿಗೆ ಕಾಯುವವನ ಹಾಗೆ ನಿಲ್ಲುತ್ತಿರಲಿಲ್ಲ. ಯಾರನ್ನೋ ಕರೆದೊಯ್ಯಲು ಬಂದವನ ಹಾಗೆ, ಬೆರಳಲ್ಲಿ ಕೀ ಚೈನು ತಿರುಗಿಸುತ್ತ, ಸ್ವಲ್ಪ ದೂರದಲ್ಲಿ ನಿಲ್ಲುತ್ತಿದ್ದ. ಹೀಗೆ ನಿಂತು ಎಷ್ಟೋ ಸಲ ಬಸ್ಸನ್ನೇ ತಪ್ಪಿಸಿಕೊಂಡಿದ್ದ. ಶೇರ್ ಆಟೋ ಹತ್ತಿದರೆ ಮೂಗಿಗೆ ಕರ್ಚೀಫು ಬರುತ್ತಿತ್ತು. ಕಾರೆಲ್ಲಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ, ಗ್ಯಾರೇಜಿನಲ್ಲಿದೆ.

ಇಷ್ಟೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಆದರೆ ನಾಳಿದ್ದು ಗೌರಿ ಹಬ್ಬ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಕ್ಕ ದಾಕ್ಷಾಯಿಣಿಗೆ ತವರು ಅಂತಿದ್ದರೆ ರೇಚಣ್ಣನೊಬ್ಬನೇ. ಪ್ರತಿವರ್ಷ ಹಬ್ಬಕ್ಕೆ ಮುಂಚೆ ಮೊರದ ಬಾಗಿನವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಅವಳ ಊರಿಗೆ ಹೋಗುತ್ತಿದ್ದ. ಬೀದಿಯ ತಿರುವಿನಲ್ಲೇ ಹಾರ್ನ್ ಹೊಡೆಯುತ್ತಿದ್ದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುವುದು ಅಕ್ಕನಿಗೂ ಇಷ್ಟವಾಗಿತ್ತು, ಅವನಿಗೂ ಇಷ್ಟವಾಗಿತ್ತು. ಈ ಸಲ ಅಕ್ಕ ಫೋನ್ ಮಾಡಿ ಯಾವಾಗ ಬರ್ತೀಯ ಎಂದು ಕೇಳಿದಾಗ, ಬಾಯಿಗೆ ಅದೇ ಗ್ಯಾರೇಜು ಬಂತು. ಕಾರು ಬಂದ ಕೂಡಲೇ ಬರುತ್ತೇನೆ ಎಂದುಬಿಟ್ಟ. ಅವಳಿಗೆ ಮಂಡಿ ನೋವು, ಹೊಸ್ತಿಲು ದಾಟುವುದೂ ಕಷ್ಟ, ತಾನೇ ಹೋಗಬೇಕು. ಆದರೂ ಮೊರ ಹಿಡಿದುಕೊಂಡು ಅವಳ ಊರಿನಲ್ಲಿ ಬಸ್ಸಿಂದ ಇಳಿಯುವ ತನ್ನನ್ನು ನೆನೆಸಿಕೊಂಡರೆ ರೇಚಣ್ಣನಿಗೆ ಬೆವರು ಕಿತ್ತು ಬರುತ್ತಿತ್ತು.

ಇದೊಂದನ್ನೂ ಅವನು ಸ್ವಾಮಿಗಳಿಗೆ ಹೇಳಲಿಲ್ಲ.

ಸ್ವಾಮಿಗಳು ಅವನ ಧೂಳು ಮೆತ್ತಿದ ಕಾಲು ನೋಡಿದರು. ಬೆರಳಲ್ಲಿ ಸುತ್ತುತ್ತಿದ್ದ ಕೀ ಚೈನು ನೋಡಿದರು. ಪಕ್ಕದ ತಟ್ಟೆಯಲ್ಲಿ ಭಕ್ತರು ಇಟ್ಟುಹೋದ ಹೂವೂ ವಿಭೂತಿ ಬಳಿದ ಒಂದು ನಿಂಬೆಹಣ್ಣೂ ಇದ್ದವು. ಹೊಸೆದ ಬತ್ತಿಯನ್ನು ಆ ತಟ್ಟೆಯ ಅಂಚಿಗೆ ಇಟ್ಟರು.

"ಒಂದು ಕತೆ ಹೇಳ್ತೀನಿ. ನಿನ್ನ ಸ್ನೇಹಿತನಿಗೆ ಹೋಗಿ ಹೇಳು" ಎಂದು ಶುರುಮಾಡಿದರು.

ಒಂದು ಪಟ್ಟಣದಲ್ಲಿ ಒಬ್ಬ ಜವಳಿ ವ್ಯಾಪಾರಿಯಿದ್ದ. ಅವನ ಬಳಿ ಒಬ್ಬ ಗುಮಾಸ್ತನಿದ್ದ. ಸುತ್ತಲ ಹಳ್ಳಿಗಳ ನೇಕಾರರಿಗೆ ನೂಲು ಕೊಟ್ಟು, ಅವರು ನೇಯ್ದ ಸೀರೆಗಳನ್ನು ತರುವುದು ಗುಮಾಸ್ತನ ಕೆಲಸ. ಅದಕ್ಕೆಂದು ವ್ಯಾಪಾರಿ ಅವನಿಗೊಂದು ಕುದುರೆ ಕೊಟ್ಟಿದ್ದ. ಕುದುರೆ ವ್ಯಾಪಾರಿಯದು. ಕಟ್ಟುತ್ತಿದ್ದುದು ಗುಮಾಸ್ತನ ಹಿತ್ತಲಲ್ಲಿ.

ವರ್ಷಗಳು ಕಳೆದವು. ಜನ ಅವನ ಹೆಸರನ್ನು ಮರೆತು ಕುದುರೆ ಗುಮಾಸ್ತರು ಎಂದೇ ಕರೆದರು. ಅವನಿಗೂ ಅದೇ ಹಿತವಾಗಿತ್ತು. ಕುದುರೆ ಯಾರದೆಂಬುದನ್ನು ಜನ ಅಷ್ಟಿಷ್ಟು ಮರೆತಿದ್ದರೆ, ಗುಮಾಸ್ತ ಪೂರ್ತಿ ಮರೆತಿದ್ದ.

ಒಂದು ವರ್ಷ ಪಟ್ಟಣಕ್ಕೆ ಹೊರಗಿನ ಬಟ್ಟೆ ರಾಶಿಯಾಗಿ ಬಂದು ಬಿತ್ತು. ವ್ಯಾಪಾರಿ ಆಳುಗಳನ್ನು ಕಡಿಮೆ ಮಾಡಿದ. ಗುಮಾಸ್ತನನ್ನು ಕೂರಿಸಿ, ವೀಳ್ಯ ಕೊಟ್ಟು, ನಾಳೆಯಿಂದ ಬರುವುದು ಬೇಡ ಎಂದ. ಕುದುರೆಯನ್ನು ಅಂಗಡಿಯ ಲಾಯದಲ್ಲಿ ಕಟ್ಟಿಹೋಗಲು ಹೇಳಿದ. ಗುಮಾಸ್ತ ಕಟ್ಟಿದ. ಕುದುರೆ ಎದುರಿಗಿದ್ದ ಹುಲ್ಲಿಗೆ ಬಾಯಿ ಹಾಕಿತು, ಇವನತ್ತ ತಿರುಗಿಯೂ ನೋಡಲಿಲ್ಲ. ಚಾವಟಿ ಮಾತ್ರ ಗುಮಾಸ್ತನ ಕಂಕುಳಲ್ಲೇ ಉಳಿಯಿತು. ಅದನ್ನು ಯಾರೂ ಕೇಳಲಿಲ್ಲ.

ರೇಚಣ್ಣ ಕೀ ಚೈನನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

ಗುಮಾಸ್ತ ನಡೆದು ಮನೆಗೆ ಬಂದ. ಚಾವಟಿ ಕಂಕುಳಲ್ಲಿದ್ದರಿಂದ, ಕುದುರೆಯನ್ನು ಎಲ್ಲೋ ನೀರಿಗೆ ಬಿಟ್ಟು ಬಂದಿದ್ದಾನೆಂದು ಬೀದಿಯವರು ತಿಳಿದರು. ಅವನಿಗೆ ಆಗ ದಾರಿ ಹೊಳೆಯಿತು. ಅಂದಿನಿಂದ ಎಲ್ಲಿಗೆ ನಡೆದರೂ ಚಾವಟಿ ಹಿಡಿದೇ ನಡೆದ.

ವಿಷಯವನ್ನು ಅವನು ಹೆಂಡತಿಗೆ ಮಾತ್ರ ಹೇಳಿದ.

"ಹೋಗ್ಲಿ ಬುಡಿ. ದಿನಾ ಹುರುಳಿ ಬೇಯ್ಸೋದಾದ್ರೂ ತಪ್ತು" ಎಂದಳು ಅವಳು.

"ತಪ್ಪಿಸಬೇಡ. ದಿನಾ ಬೇಯ್ಸು."

"ಬೇಯ್ಸಿ ಯಾರಿಗಾಕ್ಲಿ?"

ಆ ಬೀದಿಯಲ್ಲಿ ಕುದುರೆಗೆಂದು ಹುರುಳಿ ಬೇಯುತ್ತಿದ್ದುದು ಅದೊಂದೇ ಮನೆಯಲ್ಲಿ. ಸಂಜೆ ಆ ವಾಸನೆ ಹೊರಟರೆ, ಗುಮಾಸ್ತರು ಸವಾರಿ ಮುಗಿಸಿ ಬಂದರು ಎಂದು ನೆರೆಯವರಿಗೆ ಗೊತ್ತಾಗುತ್ತಿತ್ತು. ವಾಸನೆ ನಿಂತರೆ ಮಾತು ಹೊರಡುತ್ತದೆ. ಆದ್ದರಿಂದ ಹುರುಳಿ ಬೇಯಿತು. ಬೆಂದದ್ದನ್ನು ಗಂಡ ಹೆಂಡಿರು ತಿಂದರು. ಒಂದು ದಿನ ಕಟ್ಟಿನ ಸಾರು, ಒಂದು ದಿನ ಪಲ್ಯ, ಒಂದು ದಿನ ಬರಿಯ ಕಾಳು. ಕುದುರೆಯ ಪಾಲು ಪೂರ್ತಿ ಗುಮಾಸ್ತನ ಹೊಟ್ಟೆಗೆ ಹೋಯಿತು. ಓಟ ಮಾತ್ರ ಬರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಗುಡ್ಡದಾಚೆಯ ಊರಿಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ತಂದೆಯೇ ಹೋಗಿ ಮಗಳನ್ನು ಹೆರಿಗೆಗೆ ಕರೆತರಬೇಕು. ಅದು ಅವರಲ್ಲಿ ನಡೆದು ಬಂದ ಪದ್ಧತಿ. ಎಂಟು ಹಿಡಿಯಿತೆಂದರೆ ಬಸುರಿಯನ್ನು ಊರ ಗಡಿ ದಾಟಿಸುವುದಿಲ್ಲ. ಗುಮಾಸ್ತನ ಹೆಂಡತಿಯ ತಂಗಿ ಹೀಗೇ ಗಂಡನ ಮನೆಯಲ್ಲಿ ಉಳಿದು, ಹೆರಿಗೆಯಲ್ಲಿ ಹೋಗಿಬಿಟ್ಟಿದ್ದಳು. ತಾಯಿಗೆ ಅದೇ ಭಯ. ಹುರುಳಿ ತೊಳೆಯುವಾಗಲೂ ಅದೇ, ಕಸ ಗುಡಿಸುವಾಗಲೂ ಅದೇ. ಏಳನೆಯ ತಿಂಗಳು ಆಗಲೇ ನಡೆಯುತ್ತಿತ್ತು.

ಉಪ್ಪಿನ ಗಾಡಿಯವನೊಬ್ಬ ಎರಡೂ ಊರಿಗೆ ಹೋಗಿ ಬರುತ್ತಿದ್ದ. ಅವನು ಬಾಗಿಲಿಗೆ ಬಂದು ಹೇಳಿದ.

"ಸ್ವಾಮಿ, ನಿಮ್ಮ ಮಗಳು ಅಪ್ಪ ಯಾವಾಗ ಬತ್ತಾರೆ ಅಂತ ಕೇಳುದ್ರು. ನಾನು ಹೆಂಗಿದ್ರೂ ಅತ್ತಾಗೆ ಹೊಂಟಿವ್ನಿ. ಗಾಡೀಲಿ ಕೂತ್ಕಳಿ. ಬರ್ತಾ ನಿಮ್ಮ ಮಗಳ್ನೂ ಕೂರಿಸ್ಕೊಂಡು ಬರಾನ."

ಗುಮಾಸ್ತನ ಮುಖ ಸುಟ್ಟ ಹಾಗಾಯಿತು. ಕುದುರೆಯ ಮೇಲೆ ಹೋಗುತ್ತಿದ್ದ ಬೀಗರ ಊರಿಗೆ ಉಪ್ಪಿನ ಮೂಟೆಯ ಮೇಲೆ ಕುಳಿತು ಹೋಗುವುದೇ? ಬೀಗರು ಜಗಲಿಯಿಂದ ಎದ್ದು ನೋಡುವುದೇ?

"ಕುದುರೆ ಕಾಲು ಉಳುಕಿದೆ ಕಣಯ್ಯ. ವಾಸಿಯಾದ ತಕ್ಷಣ ಬತ್ತೀನಿ ಅಂತ ಹೇಳು" ಎಂದ.

ರೇಚಣ್ಣ ತಟ್ಟನೆ ತಲೆಯೆತ್ತಿದ. ಇವರಿಗೆ ಯಾರು ಹೇಳಿದರು? ಯಾರೂ ಹೇಳಿರಲಾರರು. ಗ್ಯಾರೇಜಿನ ಮಾತು ತನಗೂ ಅಕ್ಕನಿಗೂ ಬಿಟ್ಟರೆ, ಬೀದಿಯ ನಾಲ್ಕು ಜನರಿಗಷ್ಟೇ ಗೊತ್ತು. ಸ್ವಾಮಿಗಳ ಕಣ್ಣು ಬತ್ತಿಯ ಮೇಲೆಯೇ ಇತ್ತು. ಕತೆಯಲ್ಲವೇ, ಎಲ್ಲ ಕತೆಗಳಲ್ಲೂ ಇಂಥದ್ದು ಇದ್ದೇ ಇರುತ್ತದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನವಾಗಲಿಲ್ಲ.

ಗಾಡಿಯವನು ಹೋದ ಮೇಲೆ ಗುಮಾಸ್ತನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬಾಡಿಗೆಗೆ ಗಾಡಿ ಮಾಡಿ ಎಂದು ಹೆಂಡತಿ ಅತ್ತಳು. ಬಾಡಿಗೆ ಗಾಡಿಯೆಂದರೆ, ಕುದುರೆ ಏನಾಯಿತು ಎಂದು ಗಾಡಿಯವನೇ ಊರೆಲ್ಲ ಕೇಳಿಕೊಂಡು ಬರುತ್ತಾನೆ ಎಂದು ಅವನು ಗದರಿದ. ದಿನಗಳು ಸರಿದವು. ಅವಳು ಬೆರಳು ಮಡಿಚಿ ದಿನ ಎಣಿಸುವುದನ್ನು ಕಂಡಾಗಲೆಲ್ಲ ಅವನು ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಅಲ್ಲಿ ಬರಿಯ ಗೂಟವಿತ್ತು. ಅದನ್ನು ಕಂಡು ಒಳಗೆ ಬರುತ್ತಿದ್ದ.

ಕೊನೆಗೊಂದು ದಿನ ತಡೆಯಲಾರದೆ ಹೊರಟ. ಹೆದ್ದಾರಿಯಲ್ಲಿ ಜನ ನೋಡುತ್ತಾರೆಂದು ಕೆರೆಯಂಗಳದ ಒಳದಾರಿ ಹಿಡಿದ. ಎದುರಿಗೆ ಯಾರಾದರೂ ಕಂಡರೆ ಚಾವಟಿ ಆಡಿಸುತ್ತ, ತಪ್ಪಿಸಿಕೊಂಡ ಕುದುರೆಯನ್ನು ಹುಡುಕುವವನ ಹಾಗೆ ಅತ್ತಿತ್ತ ನೋಡಿದ. ಗುಡ್ಡ ಹತ್ತಿ ಇಳಿದು, ಮಧ್ಯಾಹ್ನಕ್ಕೆ ಮಗಳ ಊರು ಸೇರಿದ. ಒಳದಾರಿಯಿಂದ ಬಂದದ್ದರಿಂದ ಬೀಗರ ಮನೆಯ ಪಕ್ಕದ ಬೇಲಿಗೆ ಬಂದು ಮುಟ್ಟಿದ್ದ.

ಬೇಲಿಯ ಸಂದಿಯಿಂದ ನೋಡಿದ. ಬೀಗರು ಯಾರೊಡನೆಯೋ ಮಾತಾಡುತ್ತ ಜಗಲಿಯ ಮೇಲೆ ಕುಳಿತಿದ್ದರು. ಮಗಳು ಬಾಗಿಲಿನ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಮುಖ ಬಾಡಿತ್ತು. ಅವಳು ಹೆದ್ದಾರಿಯನ್ನೇ ನೋಡುತ್ತಿದ್ದಳು. ಯಾವಾಗಲೂ ಕುದುರೆ ಬರುತ್ತಿದ್ದುದು ಆ ಕಡೆಯಿಂದ. ಅವಳ ಅಪ್ಪ ಈ ಕಡೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಬೇಲಿಯ ಹಿಂದೆ ಕುಳಿತಿದ್ದ. ಅವನ ಪಂಚೆ ಮೊಳಕಾಲಿನವರೆಗೆ ಕೆಸರಾಗಿತ್ತು. ಬೀಗರು ಎದ್ದು ಒಳಗೆ ಹೋಗಲಿ, ಆಮೇಲೆ ಮಗಳನ್ನು ಕರೆಯೋಣ ಎಂದು ಕಾದ. ಬೀಗರು ಏಳಲಿಲ್ಲ. ಮಗಳು ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಗುಮಾಸ್ತ ಬಂದ ದಾರಿಯಲ್ಲೇ ತಿರುಗಿ ಹೋದ.

"ಅಷ್ಟು ಹತ್ತಿರ ಹೋಗಿದ್ನಲ್ಲ ಬುದ್ಧಿ!" ಎಂದು ರೇಚಣ್ಣ ತಡೆಯಲಾರದೆ ಅಂದ. "ಬೀಗ ಏನು ಹುಲಿಯೇ? ಎದ್ದು ಒಳಗೆ ಹೋಗಬೇಕಿತ್ತು."

"ಹೌದು. ಅದನ್ನೂ ನಿನ್ನ ಸ್ನೇಹಿತನಿಗೆ ಹೇಳು" ಎಂದು ಸ್ವಾಮಿಗಳು ಇನ್ನೊಂದು ಬತ್ತಿ ತೆಗೆದುಕೊಂಡರು.



ಗುಮಾಸ್ತ ಮನೆಗೆ ಬಂದು, ಬೀಗರು ಊರಲ್ಲಿಲ್ಲ ಎಂದು ಹೆಂಡತಿಗೆ ಸುಳ್ಳು ಹೇಳಿದ. ಆಗ ಆ ಮನೆಯಲ್ಲಿ ನಿಜ ಹೇಳಿಸಿಕೊಳ್ಳುವವರು ಒಬ್ಬರೂ ಉಳಿಯಲಿಲ್ಲ. ಉಪ್ಪಿನ ಗಾಡಿಯವನು ಮತ್ತೆ ಬಂದು ಕೇಳಿದಾಗ, ಕುದುರೆಯ ಕಾಲು ಬಾತುಕೊಂಡಿದೆ, ಹೆಜ್ಜೆ ಎತ್ತುತ್ತಿಲ್ಲ ಎಂದ. ಹೇಳುವಾಗ ಅವನ ಧ್ವನಿ ನಡುಗಿತು. ಪಾಪ, ಕುದುರೆಯ ಮೇಲೆ ಎಷ್ಟು ಪ್ರೀತಿ ಎಂದು ಗಾಡಿಯವನು ಮರುಗಿದ.

ತಿಂಗಳು ಮುಗಿಯುತ್ತ ಬಂತು. ಇನ್ನು ಒಂದೇ ಹಗಲು ಉಳಿದಿತ್ತು. ಗುಮಾಸ್ತನ ಹೆಂಡತಿ ಮಾತು ಬಿಟ್ಟಿದ್ದಳು. ಒಲೆಯ ಮುಂದೆ ಕುಳಿತು ಹುರುಳಿ ಬೇಯಿಸುತ್ತಿದ್ದಳು. ಗುಮಾಸ್ತ ಒಳಗೆ ಕತ್ತಲೆಯ ಮೂಲೆಯಲ್ಲಿ ಕುಳಿತಿದ್ದ. ಈ ದಿನ ಒಂದು ದಾಟಿದರೆ ಹೋಗುವಂತೆಯೇ ಇಲ್ಲ, ಹೋಗುವಂತಿಲ್ಲವೆಂದರೆ ಹೋಗದಿದ್ದುದು ತನ್ನ ತಪ್ಪೂ ಅಲ್ಲ ಎಂಬ ಒಂದು ಹಾಳು ಯೋಚನೆ ಅವನಿಗೆ ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಏಳಲಿಲ್ಲ.

ಆಗ ಬಾಗಿಲಲ್ಲಿ ಗಾಡಿ ನಿಂತ ಸದ್ದಾಯಿತು. ಉಪ್ಪಿನ ಗಾಡಿ. ಮೂಟೆಗಳ ನಡುವೆ ಗೋಣಿತಾಟು ಹಾಸಿಕೊಂಡು ಮಗಳು ಕುಳಿತಿದ್ದಳು. ಗುಡ್ಡದ ಏರಿನಲ್ಲಿ ಗಾಡಿ ಕುಲುಕುತ್ತದೆಂದು ಇಳಿದು, ಹೊಟ್ಟೆ ಹಿಡಿದುಕೊಂಡು ನಡೆದಿದ್ದಳು. ಪಾದ ಊದಿದ್ದವು. ತವರಿನಿಂದ ಯಾರೂ ಬಾರದೆ ಕಳಿಸುವುದು ಹೇಗೆ ಎಂದು ಅತ್ತೆ ಕೇಳಿದ್ದಳಂತೆ. ಕಾಯಿಲೆ ಬಿದ್ದ ಕುದುರೆ ಬಿಟ್ಟು ನಮ್ಮಪ್ಪ ಹೇಗೆ ಬರ್ತಾರೆ, ನಾನೇ ಹೋಗ್ತೀನಿ ಎಂದು ಇವಳು ಹೊರಟು ನಿಂತಿದ್ದಳಂತೆ. ಗಾಡಿಯವನು ಇದನ್ನು ಹೆಮ್ಮೆಯಿಂದ ಹೇಳಿದ.

ತಾಯಿ ಓಡಿ ಬಂದು ಅವಳನ್ನು ತಬ್ಬಿಕೊಂಡು ಅತ್ತಳು. ಮಗಳು ಒಳಗೆ ಬರಲಿಲ್ಲ. ಅವಳ ಮಡಿಲಲ್ಲಿ ಒಂದು ಗಂಟಿತ್ತು. ಅದರಲ್ಲಿ ಲಕ್ಕಿ ಸೊಪ್ಪು. ಊತಕ್ಕೆ ಬಿಸಿ ಮಾಡಿ ಕಟ್ಟುವ ಸೊಪ್ಪು. ದಾರಿಯಲ್ಲಿ ಬಾಡಬಾರದೆಂದು ಒದ್ದೆ ಬಟ್ಟೆ ಸುತ್ತಿದ್ದಳು. ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ, ಬಗ್ಗಲಾರದೆ ಬಗ್ಗಿ, ಅವಳೇ ಕಿತ್ತಿದ್ದಳು.

ಗಂಟನ್ನು ಹಿಡಿದುಕೊಂಡು ಅವಳು ಮನೆಯ ಪಕ್ಕದ ಓಣಿಯಿಂದ ನೇರ ಹಿತ್ತಲಿಗೆ ನಡೆದಳು. ಗುಮಾಸ್ತ ಒಳಗಿನಿಂದ ಬಂದು ಹಿತ್ತಲ ಬಾಗಿಲಲ್ಲಿ ನಿಂತ. ಒಲೆಯ ಮೇಲಿನ ಹುರುಳಿಯ ವಾಸನೆ ಹಿತ್ತಲಿಗೂ ಬರುತ್ತಿತ್ತು. ಮಗಳು ಗೂಟವನ್ನು ನೋಡಿದಳು. ಗುಡಿಸಿದ ನೆಲವನ್ನು ನೋಡಿದಳು. ಆಮೇಲೆ ತಂದೆಯ ಕಡೆ ತಿರುಗಿದಳು. ಅವಳ ಎರಡು ಕೈಯಲ್ಲೂ ಸೊಪ್ಪಿತ್ತು.

"ಅಪ್ಪಾ, ಕುದುರೆ ಎಲ್ಲಿ?" ಎಂದಳು.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಹೊಸೆದ ಬತ್ತಿಗಳನ್ನು ಒಟ್ಟು ಮಾಡಿ, ತುದಿ ಸಮ ಮಾಡತೊಡಗಿದರು. ರೇಚಣ್ಣ ಕಾದ. ಸ್ವಾಮಿಗಳು ಮುಂದೆ ಹೇಳುವ ಹಾಗೆ ಕಾಣಲಿಲ್ಲ. ಅವನಿಗೆ ಕುಳಿತ ನೆಲ ಚುಚ್ಚುತ್ತಿತ್ತು. ಆ ಗುಮಾಸ್ತ ಏನಾದರೂ ಒಂದು ಒಳ್ಳೆಯ ಮಾತು ಹೇಳಿರಲಿ, ಹೇಳಿ ಪಾರಾಗಿರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

"ಗುಮಾಸ್ತ ಏನಂದ, ಬುದ್ಧಿ?"

ಸ್ವಾಮಿಗಳು ತಟ್ಟೆಯಿಂದ ಆ ನಿಂಬೆಹಣ್ಣನ್ನು ತೆಗೆದು, ಅವನ ಅಂಗೈ ಬಿಡಿಸಿ, ಅದರಲ್ಲಿ ಇಟ್ಟರು.

"ರಿಪೇರೀಲಿರೋ ತಮ್ಮನ ಕಾರಿಗೆ ಕಟ್ಟೋಕೆ ಮಂತ್ರಿಸಿ ಅವನ ಕೈಗೆ ಕೊಡಿ ಅಂತ ಬೆಳಗ್ಗೆ ನಿಮ್ಮಕ್ಕ ಇದನ್ನ ಇಟ್ಟುಹೋದ್ಲು. ಹೇಗೆ ಓಡಾಡೋದು ಅಂತ ಕೇಳಿದೆಯಲ್ಲ, ಅವಳು ಎರಡು ಬಸ್ಸು ಬದಲಾಯಿಸಿ ಬಂದಿದ್ಲು."